ಬೆರಳು ಮುಂದೆ, ಬಾಣ ಹಿಂದೆ

ಟಚ್‌ಪ್ಯಾಡಿನ ಮೇಲೆ ಬೆರಳು ಸರಿದು ನಿಂತಾದ ಮೇಲೂ ಪರದೆಯ ಬಾಣ ಇನ್ನೂ ತೆವಳುತ್ತಿರುವುದನ್ನು, ಅಥವಾ ನೀರಿನಂತೆ ಹರಿಯಬೇಕಾದದ್ದು ಕುಂಟುತ್ತ ನೆಗೆಯುತ್ತ ಸಾಗುವುದನ್ನು ಲ್ಯಾಪ್‌ಟಾಪ್ ಬಳಸುವ ಬಹುತೇಕರು ಒಂದಲ್ಲ ಒಂದು ದಿನ ಕಂಡಿರುತ್ತಾರೆ. ಯಂತ್ರಕ್ಕೆ ವಯಸ್ಸಾಯಿತು ಎಂದು ಕೆಲವರು ಸುಮ್ಮನಾಗುತ್ತಾರೆ, ವೈರಸ್ ಹೊಕ್ಕಿರಬೇಕೆಂದು ಕೆಲವರು ಗಾಬರಿಯಾಗುತ್ತಾರೆ, ಟಚ್‌ಪ್ಯಾಡೇ ಹೋಗಿದೆ, ಬದಲಿಸಬೇಕು ಎಂಬ ತೀರ್ಪು ರಿಪೇರಿ ಅಂಗಡಿಯಿಂದ ಬರುವುದೂ ಉಂಟು. ಆದರೆ ಅದೇ ಲ್ಯಾಪ್‌ಟಾಪಿಗೆ ಮುನ್ನೂರು ರೂಪಾಯಿಯ ಸಾದಾ ಯುಎಸ್‌ಬಿ ಮೌಸೊಂದನ್ನು ಸಿಕ್ಕಿಸಿದ ಕೂಡಲೇ ಬಾಣ ಚುರುಕಾಗಿ ಓಡತೊಡಗುತ್ತದೆ. ಅಂದಮೇಲೆ ಯಂತ್ರದ ಮಿದುಳೇನೂ ಮಂಕಾಗಿಲ್ಲ. ಅದೇ ಯಂತ್ರವನ್ನು ಪೆನ್‌ಡ್ರೈವಿನಲ್ಲಿಟ್ಟ ಬೇರೊಂದು ಕಾರ್ಯಾಚರಣ ವ್ಯವಸ್ಥೆಯಿಂದ ಚಾಲೂ ಮಾಡಿದರೆ ಅದೇ ಟಚ್‌ಪ್ಯಾಡು ಯಾವ ತಕರಾರೂ ಇಲ್ಲದೆ ಕೆಲಸ ಮಾಡುವುದೂ ಉಂಟು; ಅಂದಮೇಲೆ ಫಲಕವೂ ಕೆಟ್ಟಿಲ್ಲ. ಹೇಳುವವರು ಸರಿ, ಕೇಳುವವರೂ ಸರಿ ಎಂದಾದರೆ, ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಲು ನಡುವೆ ನಿಂತವರ ಮೇಲೆಯೇ ಅನುಮಾನ ಬೀಳಬೇಕು.

ವೇಗ ಬೇರೆ, ತಡ ಬೇರೆ

ಬಾಣ ನಿಧಾನವಾದಾಗ ಜನ ಮೊದಲು ಕೈಹಾಕುವುದು ಸೆಟ್ಟಿಂಗ್ಸ್ ಪುಟದಲ್ಲಿರುವ ವೇಗದ ಪಟ್ಟಿಗೆ. ಅದನ್ನು ಬಲತುದಿಯವರೆಗೆ ಎಳೆದರೂ ಕಿರಿಕಿರಿ ಹೋಗುವುದಿಲ್ಲ, ಏಕೆಂದರೆ ಆ ಪಟ್ಟಿ ಮಾಡುವ ಕೆಲಸ ಬರೀ ಗುಣಾಕಾರ: ಬೆರಳು ಒಂದು ಸೆಂಟಿಮೀಟರ್ ಸರಿದರೆ ಬಾಣ ಪರದೆಯ ಮೇಲೆ ಎಷ್ಟು ದೂರ ಹೋಗಬೇಕು ಎಂಬುದನ್ನಷ್ಟೇ ಅದು ನಿರ್ಧರಿಸುತ್ತದೆ, ಯಾವಾಗ ಹೊರಡಬೇಕು ಎಂಬುದನ್ನಲ್ಲ. ಕಾಗದದಲ್ಲಿ ಅಕ್ಷರಗಳನ್ನು ದಪ್ಪಗೆ ಬರೆದ ಮಾತ್ರಕ್ಕೆ ಅಂಚೆ ಒಂದು ದಿನ ಮೊದಲು ತಲುಪುವುದಿಲ್ಲ. ತಡವಾಗಿ ಬರುವ ಸುದ್ದಿಯನ್ನು ಎರಡರಿಂದ ಗುಣಿಸಿದರೆ ತಡ ಹಾಗೇ ಉಳಿದು ನೆಗೆತ ಮಾತ್ರ ಇಮ್ಮಡಿಯಾಗುತ್ತದೆ. ಹೀಗಾಗಿ ಈ ಪಟ್ಟಿಯನ್ನು ಎಳೆದವರಿಗೆ ಹಲವು ಸಲ ರೋಗ ಉಲ್ಬಣಿಸಿದಂತೆಯೇ ಅನಿಸುತ್ತದೆ.

ತಡ ಎಂದರೆ ಎಷ್ಟು ಎಂಬ ಅಂದಾಜು ಇಲ್ಲಿ ಬೇಕು. ಸಾಮಾನ್ಯ ಲ್ಯಾಪ್‌ಟಾಪಿನ ಪರದೆ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ಬಿಡಿಸುತ್ತದೆ, ಅಂದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವು ಸುಮಾರು 16.7 ಮಿಲಿಸೆಕೆಂಡು. ಟಚ್‌ಪ್ಯಾಡು ಬೆರಳಿನ ಸ್ಥಾನವನ್ನು ಸೆಕೆಂಡಿಗೆ 80 ಬಾರಿ ವರದಿ ಮಾಡಿದರೆ ಪ್ರತಿ ಚಿತ್ರಕ್ಕೂ ಕನಿಷ್ಠ ಒಂದು ಹೊಸ ವರದಿ ಸಿಗುತ್ತದೆ ಮತ್ತು ಕಣ್ಣು ಅದನ್ನು ಹರಿವು ಎಂದೇ ಗ್ರಹಿಸುತ್ತದೆ. ವರದಿಗಳು ಸೆಕೆಂಡಿಗೆ ಹತ್ತಕ್ಕೆ ಇಳಿದರೆ ಬಾಣವು ಆರು ಚಿತ್ರಗಳಲ್ಲಿ ಇದ್ದಲ್ಲೇ ಇದ್ದು ಏಳನೆಯದರಲ್ಲಿ ಒಮ್ಮೆಲೇ ಹಾರುತ್ತದೆ. ಕುಂಟುವಿಕೆ ಎಂದು ಜನ ದೂರುವುದು ಇದನ್ನೇ.

ಎಲ್ಲ ತಡವೂ ದೋಷವಲ್ಲ ಎಂಬ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಬೆರಳು ಮುಟ್ಟಿದ್ದು ಕ್ಲಿಕ್ ಮಾಡುವುದಕ್ಕೋ ಬಾಣ ಸರಿಸುವುದಕ್ಕೋ ಎಂದು ತಿಳಿಯಲು ಯಂತ್ರ ಕ್ಷಣಹೊತ್ತು ಕಾಯಲೇಬೇಕು. ಲಿನಕ್ಸಿನಲ್ಲಿ ಇಂದು ಬಹುತೇಕ ಎಲ್ಲೆಡೆ ಬಳಕೆಯಲ್ಲಿರುವ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಇದಕ್ಕೆ 180 ಮಿಲಿಸೆಕೆಂಡುಗಳ ಗಡುವು ಇಟ್ಟುಕೊಂಡಿದೆ. ಟೈಪ್ ಮಾಡುವಾಗ ಅಂಗೈ ತಗುಲಿ ಬಾಣ ದಿಕ್ಕೆಟ್ಟು ಓಡದಿರಲೆಂದು ಕೀಲಿಗಳನ್ನು ಒತ್ತಿದ ನಂತರ ಅರ್ಧ ಸೆಕೆಂಡಿನವರೆಗೂ ಅದು ಫಲಕದ ಮಾತಿಗೆ ಕಿವುಡಾಗಿರುತ್ತದೆ. ವಿಂಡೋಸಿನಲ್ಲಿ ಟಚ್‌ಪ್ಯಾಡಿನ ಸೂಕ್ಷ್ಮತೆ ಎಂಬ ಆಯ್ಕೆ ಇರುವುದೂ ಇದೇ ಕೆಲಸಕ್ಕೆ. ಟೈಪ್ ಮಾಡಿದ ಬೆನ್ನಿಗೆ ಮಾತ್ರ ಬಾಣ ತಡವಾಗುತ್ತಿದ್ದರೆ ಬದಲಿಸಬೇಕಾದದ್ದು ಆ ಆಯ್ಕೆಯನ್ನೇ ಹೊರತು ಬೇರೇನನ್ನೂ ಅಲ್ಲ.

ಮುಟ್ಟಿದ್ದು ತಿಳಿಯುವ ಬಗೆ

ಟಚ್‌ಪ್ಯಾಡು ಬೆರಳಿನ ಒತ್ತಡವನ್ನು ಅಳೆಯುತ್ತದೆ ಎಂಬ ಭಾವನೆ ವ್ಯಾಪಕವಾಗಿದೆಯಾದರೂ ಬೆರಳು ಸರಿಯುವುದು ಅದಕ್ಕೆ ತಿಳಿಯುವುದು ಒತ್ತಡದಿಂದಲ್ಲ, ವಿದ್ಯುತ್ತಿನಿಂದ. ಮೇಲಿನ ಪ್ಲಾಸ್ಟಿಕ್ ಅಥವಾ ಗಾಜಿನ ಹೊದಿಕೆಯ ಅಡಿಯಲ್ಲಿ ತಾಮ್ರದ ತೆಳುವಾದ ಪಟ್ಟಿಗಳು ಉದ್ದಕ್ಕೂ ಅಡ್ಡಕ್ಕೂ, ಮಗ್ಗದ ಹಾಸುಹೊಕ್ಕಿನಂತೆ, ಒಂದಕ್ಕೊಂದು ತಾಗದ ಹಾಗೆ ಹಬ್ಬಿರುತ್ತವೆ. ಒಂದು ಪಟ್ಟಿಗೆ ವಿದ್ಯುತ್ತಿನ ಮಿಡಿತ ಕೊಟ್ಟಾಗ ಅದನ್ನು ದಾಟುವ ಪಟ್ಟಿಗಳಲ್ಲೂ ಅದರ ಛಾಯೆ ಮೂಡುತ್ತದೆ. ಉಪ್ಪುನೀರಿನ ಚೀಲದಂತಿರುವ ಮನುಷ್ಯದೇಹ ವಿದ್ಯುತ್ತಿಗೆ ಒಳ್ಳೆಯ ದಾರಿಯಾದ್ದರಿಂದ, ಬೆರಳು ಹತ್ತಿರ ಬಂದಾಗ ಆ ಛಾಯೆಯ ಒಂದು ಪಾಲನ್ನು ಅದು ತನ್ನೆಡೆಗೆ ಸೆಳೆದುಕೊಳ್ಳುತ್ತದೆ. ವಿದ್ಯುತ್ತನ್ನು ಹಿಡಿದಿಡುವ ಈ ಗುಣಕ್ಕೆ ಧಾರಕತೆ ಎಂದು ಹೆಸರು, ಅದರ ಅಳತೆಯ ಮಾನ ಫ್ಯಾರಡ್. ಬೆರಳಿನಿಂದ ಆಗುವ ಬದಲಾವಣೆಯಾದರೋ ಒಂದು ಪಿಕೋಫ್ಯಾರಡ್ಡಿನ ಆಸುಪಾಸು, ಅಂದರೆ ಫ್ಯಾರಡ್ಡನ್ನು ಒಂದು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲೊಂದು ಪಾಲು ಎತ್ತಿಕೊಂಡಷ್ಟು.

ಪಟ್ಟಿಗಳ ನಡುವೆ ಹಲವು ಮಿಲಿಮೀಟರುಗಳ ಅಂತರವಿದ್ದರೂ ಕೂದಲೆಳೆಯಷ್ಟು ಸರಿತವೂ ಗೊತ್ತಾಗುವುದು ಹೇಗೆ ಎಂಬ ಪ್ರಶ್ನೆ ಏಳಬಹುದು. ಇಬ್ಬರು ಹೆಗಲ ಮೇಲೆ ಬೊಂಬೊಂದನ್ನು ಹೊತ್ತು ಅದಕ್ಕೆ ಮೂಟೆ ನೇತುಹಾಕಿಕೊಂಡು ಹೋಗುತ್ತಿದ್ದಾರೆಂದು ಭಾವಿಸಬಹುದು. ಯಾರ ಹೆಗಲಿಗೆ ಎಷ್ಟು ಭಾರ ಬಿದ್ದಿದೆ ಎಂದು ತಿಳಿದರೆ ಸಾಕು, ಕಣ್ಣು ಮುಚ್ಚಿಕೊಂಡೇ ಮೂಟೆ ಎಲ್ಲಿ ತೂಗುತ್ತಿದೆ ಎಂದು ಹೇಳಬಹುದು. ಬೆರಳೂ ಅಕ್ಕಪಕ್ಕದ ಎರಡು ಮೂರು ಪಟ್ಟಿಗಳ ಮೇಲೆ ಏಕಕಾಲಕ್ಕೆ ಪ್ರಭಾವ ಬೀರುವುದರಿಂದ, ಯಾವ ಪಟ್ಟಿಗೆ ಎಷ್ಟು ಪಾಲು ಎಂಬ ಲೆಕ್ಕದಿಂದ ಫಲಕದೊಳಗಿನ ಪುಟ್ಟ ಚಿಪ್ಪು ಬೆರಳಿನ ನಡುಬಿಂದುವನ್ನು ಹುಡುಕಿಕೊಳ್ಳುತ್ತದೆ.

ಈ ಬಗೆಯ ಫಲಕವನ್ನು 1988ರಲ್ಲಿ ರೂಪಿಸಿದವರು ಅಮೆರಿಕದ ಜಾರ್ಜ್ ಗೆರ್ಫೈಡೆ. ಅದು ಮನೆಮಾತಾದದ್ದು 1994ರಲ್ಲಿ ಆಪಲ್ ಕಂಪನಿ ತನ್ನ ಪವರ್‌ಬುಕ್ 500 ಸರಣಿಯಲ್ಲಿ ಅದನ್ನು ಅಳವಡಿಸಿದ ಮೇಲೆ. ಮುಂದೆ ಈ ಕ್ಷೇತ್ರದ ದೊಡ್ಡ ಹೆಸರಾದ ಸಿನಾಪ್ಟಿಕ್ಸ್ ಕಂಪನಿಯನ್ನು 1986ರಲ್ಲಿ ಕಟ್ಟಿದವರು ಇಂಟೆಲ್ 4004 ಚಿಪ್ಪಿನ ರೂವಾರಿಗಳಲ್ಲಿ ಒಬ್ಬರಾದ ಫೆಡೆರಿಕೊ ಫಾಜಿನ್ ಮತ್ತು ವಿಜ್ಞಾನಿ ಕಾರ್ವರ್ ಮೀಡ್. ಅವರ ಮೂಲ ಆಸೆ ಮಿದುಳಿನ ನರಜಾಲವನ್ನು ಹೋಲುವ ಚಿಪ್ಪುಗಳನ್ನು ಮಾಡುವುದಾಗಿತ್ತು. ಹೊಟ್ಟೆ ತುಂಬಿಸಿದ್ದು ಮಾತ್ರ ಬೆರಳು.

ಇಷ್ಟು ಸಣ್ಣ ಬದಲಾವಣೆಯನ್ನು ಅಳೆಯುವ ಸಾಧನಕ್ಕೆ ಸುತ್ತಲಿನ ಗದ್ದಲವೂ ದೊಡ್ಡದಾಗಿಯೇ ಕೇಳಿಸುತ್ತದೆ. ಮೂರು ಪಿನ್ನಿನ ಸಾಕೆಟ್ ಇದ್ದೂ ಮೂರನೆಯ ರಂಧ್ರಕ್ಕೆ ಅರ್ಥಿಂಗ್ ತಂತಿಯನ್ನೇ ಜೋಡಿಸದಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಅಂಥ ಕಡೆ ಚಾರ್ಜರ್ ಹಾಕಿದಾಗ ಲೋಹದ ಲ್ಯಾಪ್‌ಟಾಪು ಮುಂಗೈಗೆ ಜುಮ್ಮೆನ್ನುತ್ತದೆ, ಬಾಣವೂ ನಡುಗುತ್ತದೆ. ಚಾರ್ಜರ್ ತೆಗೆದ ಕೂಡಲೇ ಬಾಣ ಸರಿಹೋದರೆ ಮುಂದಿನ ಪುಟಗಳನ್ನು ಓದುವ ಮೊದಲು ಎಲೆಕ್ಟ್ರಿಷಿಯನ್ನರನ್ನು ಕರೆಸುವುದು ಲೇಸು. ಒದ್ದೆ ಕೈ, ಎಣ್ಣೆ ಕೈಗಳ ವಿಷಯವೂ ಹಾಗೆಯೇ. ಅದಕ್ಕೆ ಬಟ್ಟೆಯ ತುಂಡು ಸಾಕು.

ಮೌಸಿನ ವೇಷ

ಫಲಕಕ್ಕೆ ಬೆರಳಿನ ಬಗ್ಗೆ ಇಷ್ಟೆಲ್ಲ ಗೊತ್ತಿದ್ದರೂ ಅದು ಹುಟ್ಟಿದ ಕಾಲದ ಕಂಪ್ಯೂಟರುಗಳಿಗೆ ಟಚ್‌ಪ್ಯಾಡ್ ಎಂಬ ವಸ್ತುವಿನ ಪರಿಚಯವೇ ಇರಲಿಲ್ಲ. ಅವುಗಳಿಗೆ ಗೊತ್ತಿದ್ದದ್ದು ಮೌಸ್, ಅದರಲ್ಲೂ ಐಬಿಎಮ್ ಕಂಪನಿ 1987ರಲ್ಲಿ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ತಂದ ಗುಂಡು ಪಿನ್ನಿನ ಮೌಸ್. ಆದ್ದರಿಂದ ಟಚ್‌ಪ್ಯಾಡು ಮೌಸಿನ ವೇಷ ಕಟ್ಟಿಕೊಂಡು ರಂಗಕ್ಕೆ ಬಂತು. ವೇಷ ಕಟ್ಟಿದ ಮೇಲೆ ಆ ಪಾತ್ರದ ಅರ್ಥವನ್ನಷ್ಟೇ ಹೇಳಬೇಕಾದದ್ದು ಯಕ್ಷಗಾನದ ನಿಯಮ; ಇಲ್ಲಿಯೂ ಹಾಗೆಯೇ. ಮೌಸಿನ ಒಂದು ವರದಿಯಲ್ಲಿ ಇರುವುದು ಮೂರೇ ಬೈಟುಗಳು: ಮೊದಲನೆಯದು ಯಾವ ಗುಂಡಿ ಒತ್ತಲಾಗಿದೆ ಎಂದು, ಎರಡನೆಯದು ಅಡ್ಡಕ್ಕೆ ಎಷ್ಟು ಸರಿದಿದೆ ಎಂದು, ಮೂರನೆಯದು ಉದ್ದಕ್ಕೆ ಎಷ್ಟು ಎಂದು ತಿಳಿಸುತ್ತದೆ. ಬೆರಳು ಫಲಕದ ಯಾವ ಮೂಲೆಯಲ್ಲಿದೆ, ಒಂದಿದೆಯೋ ಎರಡಿವೆಯೋ, ತಾಗಿರುವುದು ಬೆರಳ ತುದಿಯೋ ಅಂಗೈಯೋ ಎಂಬುದನ್ನು ಹೇಳಲು ಈ ಭಾಷೆಯಲ್ಲಿ ಪದಗಳೇ ಇಲ್ಲ, ಏಕೆಂದರೆ ಮೌಸಿಗೆ ಬೆರಳುಗಳಿಲ್ಲ.

ಈ ವೇಷದ ದೊಡ್ಡ ಅನುಕೂಲವೆಂದರೆ ಯಾವ ವಿಶೇಷ ತಂತ್ರಾಂಶವೂ ಇಲ್ಲದೆ ಬಾಣ ಅಲುಗಾಡುತ್ತದೆ. ವಿಂಡೋಸನ್ನು ಹೊಸದಾಗಿ ಹಾಕಿಸಿಕೊಂಡು ಬಂದ ಲ್ಯಾಪ್‌ಟಾಪಿನಲ್ಲಿ ಟಚ್‌ಪ್ಯಾಡು ಕೆಲಸವನ್ನೇನೋ ಮಾಡುತ್ತದೆ, ಆದರೆ ಎರಡು ಬೆರಳಿನಿಂದ ಪುಟ ಸರಿಸಲಾಗದು, ಬಾಣ ಮೊದಲಿನಷ್ಟು ಹಗುರವಾಗಿ ಓಡದು ಎಂಬ ದೂರು ಕೇಳಿಬರುವುದು ಇದರಿಂದಲೇ. ಕೆಲಸ ಮಾಡುತ್ತಿದೆಯಲ್ಲ ಎಂಬ ಸಮಾಧಾನವೇ ಇಲ್ಲಿ ಮೋಸ ಮಾಡುತ್ತದೆ. ಪೂರ್ತಿ ಕೆಟ್ಟುನಿಂತಿದ್ದರೆ ಕಾರಣವನ್ನು ಅಂದೇ ಹುಡುಕುತ್ತಿದ್ದರು, ಅರ್ಧ ಕೆಲಸ ಮಾಡುವುದನ್ನು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ.

ಚಾಲಕನಲ್ಲ, ದುಭಾಷಿ

ಯಂತ್ರದ ಒಂದು ಅಂಗಕ್ಕೂ ಕಾರ್ಯಾಚರಣ ವ್ಯವಸ್ಥೆಗೂ ನಡುವೆ ನಿಲ್ಲುವ ತಂತ್ರಾಂಶವನ್ನು ಇಂಗ್ಲಿಷಿನವರು ಡ್ರೈವರ್ ಎಂದು ಕರೆದರು, ಕನ್ನಡದಲ್ಲಿ ಅದನ್ನು ಚಾಲಕ ಎಂದು ಅನುವಾದಿಸಿದ್ದೂ ಆಯಿತು. ಈ ಹೆಸರು ಅಷ್ಟು ಒಪ್ಪುವಂಥದ್ದಲ್ಲ, ಏಕೆಂದರೆ ಅದು ಏನನ್ನೂ ಓಡಿಸುವುದಿಲ್ಲ; ಕಂಪ್ಯೂಟರಿನೊಳಗಿನ ತಂತಿಗಳ ಸಾಲಿಗೆ ಬಸ್ ಎಂಬ ಹೆಸರಿದ್ದರೂ ಆ ಬಸ್ಸಿನ ಸ್ಟಿಯರಿಂಗ್ ಈ ಡ್ರೈವರಿನ ಕೈಯಲ್ಲಿರುವುದಿಲ್ಲ. ಪರಭಾಷೆಯ ಅತಿಥಿ ಮತ್ತು ಮನೆಯ ಯಜಮಾನರ ನಡುವೆ ಕುಳಿತ ದುಭಾಷಿಯ ಕೆಲಸ ಅದರದ್ದು. ದುಭಾಷಿಗೆ ಅತಿಥಿಯ ಭಾಷೆ ಪೂರ್ತಿ ಬರುತ್ತಿದ್ದರೆ ಮಾತುಕತೆ ಸರಾಗ. ನಾಲ್ಕು ಪದ ಮಾತ್ರ ಬರುತ್ತಿದ್ದರೆ ಅತಿಥಿ ಎಷ್ಟೇ ವಿದ್ವಾಂಸರಾಗಿದ್ದರೂ ಯಜಮಾನರಿಗೆ ಮುಟ್ಟುವುದು ಊಟ, ನೀರು, ನಿದ್ದೆ ಎಂಬಷ್ಟೇ.

ತನ್ನ ಎದುರಿಗಿರುವುದು ನಿಜವಾದ ಮೌಸೋ ವೇಷಧಾರಿಯೋ ಎಂದು ದುಭಾಷಿ ತಂತ್ರಾಂಶ ಕಂಡುಹಿಡಿಯುವ ಬಗೆಯಂತೂ ಸೊಗಸಾದದ್ದು. ಮೌಸಿನ ಭಾಷೆಯಲ್ಲಿ ಅಳತೆಯ ಸೂಕ್ಷ್ಮತೆಯನ್ನು ಬದಲಿಸು ಎಂಬ ಒಂದು ಅಪ್ಪಣೆ ಉಂಟು, ಅದರ ಜೊತೆಗೆ ಸೊನ್ನೆಯಿಂದ ಮೂರರವರೆಗಿನ ಒಂದು ಅಂಕಿ ಹೋಗುತ್ತದೆ. ಸಿನಾಪ್ಟಿಕ್ಸ್ ಫಲಕವನ್ನು ಬಲ್ಲ ತಂತ್ರಾಂಶ ಈ ಅಪ್ಪಣೆಯನ್ನು ಸಾಲಾಗಿ ನಾಲ್ಕು ಬಾರಿ ಕಳಿಸುತ್ತದೆ. ನಾಲ್ಕು ಅಂಕಿಗಳನ್ನು ಜೋಡಿಸಿದರೆ ಒಂದು ಗುಟ್ಟಿನ ಸಂಖ್ಯೆಯಾಗುತ್ತದೆ, ಅದರ ಬೆನ್ನಿಗೇ ನಿನ್ನ ಸ್ಥಿತಿಗತಿಯೇನು ಎಂಬ ಪ್ರಶ್ನೆ ಹೋಗುತ್ತದೆ. ನಿಜವಾದ ಮೌಸು ಇದನ್ನು ಯಾರೋ ತಲೆಕೆಟ್ಟು ನಾಲ್ಕು ಸಲ ಮನಸ್ಸು ಬದಲಿಸಿದರೆಂದು ತಿಳಿದು ಎಂದಿನ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ವೇಷದೊಳಗಿರುವ ಫಲಕಕ್ಕೆ ಮಾತ್ರ ಇದು ಗೊತ್ತುಮಾಡಿಕೊಂಡ ಲಯದಲ್ಲಿ ಕದ ತಟ್ಟಿದಂತೆ ಕೇಳಿಸುತ್ತದೆ; ತನ್ನವರು ಬಂದರೆಂದು ತಿಳಿದು ಅದು ತನ್ನ ನಿಜನಾಮ ಹೇಳುತ್ತದೆ, ಇನ್ನೊಂದು ಅಪ್ಪಣೆಯಾದರೆ ವೇಷವನ್ನೂ ಕಳಚುತ್ತದೆ.

ವೇಷ ಕಳಚಿದ ಫಲಕ ಮೂರರ ಬದಲು ಆರು ಬೈಟುಗಳ ವರದಿಯನ್ನು ಸೆಕೆಂಡಿಗೆ 80 ಬಾರಿ ಕಳಿಸುತ್ತದೆ, ಮತ್ತು ಎಷ್ಟು ಸರಿದೆ ಎನ್ನುವ ಬದಲು ಎಲ್ಲಿದ್ದೇನೆ, ಎಷ್ಟು ಅಗಲಕ್ಕೆ ತಾಗಿದ್ದೇನೆ ಎಂದು ಹೇಳುತ್ತದೆ. ಆ ತಟ್ಟುವ ಲಯ ಗೊತ್ತಿಲ್ಲದ ಸಾಮಾನ್ಯ ತಂತ್ರಾಂಶ ಎಷ್ಟು ವರ್ಷ ಎದುರಿಗೆ ಕುಳಿತರೂ ಫಲಕ ಮೌಸಾಗಿಯೇ ಉಳಿಯುತ್ತದೆ. ಡ್ರೈವರ್ ಬದಲಿಸಿದ ಕೂಡಲೇ ಹಳೆಯ ಟಚ್‌ಪ್ಯಾಡು ಹೊಸದಾದಂತೆ ತೋರುವುದರ ಒಂದು ರಹಸ್ಯ ಇದು: ಫಲಕದಲ್ಲಿ ಏನೂ ಬದಲಾಗಿರುವುದಿಲ್ಲ, ಅದರ ಭಾಷೆ ಬಲ್ಲವರು ಬಂದಿರುತ್ತಾರೆ, ಅಷ್ಟೆ.

ಊರೊಳಗಿನ ರಸ್ತೆ ಮತ್ತು ಬೈಪಾಸು

ಭಾಷೆ ಸರಿಹೋದರೂ ರಸ್ತೆ ಇಕ್ಕಟ್ಟಾಗಿದ್ದರೆ ತಡ ತಪ್ಪದು. ಪಿಎಸ್/2 ತಂತಿಯಲ್ಲಿ ಒಂದೊಂದು ಬೈಟಿಗೂ ಮುಂದೊಂದು ಹಿಂದೆರಡು ಕಾವಲು ಬಿಟ್ಟುಗಳು ಸೇರಿ ಒಟ್ಟು 11 ಬಿಟ್ಟುಗಳು ಒಂದರ ಹಿಂದೊಂದು ಸಾಗಬೇಕು, ಅದೂ ಸೆಕೆಂಡಿಗೆ ಹತ್ತರಿಂದ ಹದಿನೇಳು ಸಾವಿರದ ಒಳಗಿನ ಗತಿಯಲ್ಲಿ. ಆರು ಬೈಟುಗಳ ಒಂದು ವರದಿಯ 66 ಬಿಟ್ಟುಗಳು ದಾಟಲು ನಾಲ್ಕರಿಂದ ಆರೂವರೆ ಮಿಲಿಸೆಕೆಂಡು ಹಿಡಿಯುತ್ತದೆ. ಒಂದು ಬೆರಳಿಗೆ ಇದು ಸಾಕು. ಎರಡನೆಯ ಬೆರಳು ಫಲಕವನ್ನು ಮುಟ್ಟಿದರೆ ಎರಡರ ವಿವರವೂ ಒಂದೇ ಕಟ್ಟಿನಲ್ಲಿ ಹಿಡಿಸದೆ ಸರದಿಯಂತೆ ಹೋಗಬೇಕಾಗುತ್ತದೆ. ದಾರಿಯಲ್ಲಿ ಒಂದು ಬೈಟು ಕಳೆದುಹೋದರಂತೂ ಆಮೇಲಿನವೆಲ್ಲ ಒಂದೊಂದು ಸ್ಥಾನ ತಪ್ಪಿ, ಅಡ್ಡದ ಲೆಕ್ಕವನ್ನು ಉದ್ದದ್ದೆಂದು ಓದಿ, ಬಾಣ ಪರದೆಯ ಮೂಲೆಗೆ ಹಾರುತ್ತದೆ. ಲಯ ತಪ್ಪಿತು, ಒಂದು ಬೈಟನ್ನು ಎಸೆಯುತ್ತಿದ್ದೇನೆ ಎಂಬರ್ಥದ ಸಾಲನ್ನು ಲಿನಕ್ಸ್ ಆಗ ತನ್ನ ದಿನಚರಿಯಲ್ಲಿ ಬರೆದಿಡುತ್ತದೆ.

ಫಿಲಿಪ್ಸ್ ಕಂಪನಿ 1982ರಲ್ಲಿ ಯಂತ್ರದೊಳಗಿನ ಚಿಪ್ಪುಗಳು ಪರಸ್ಪರ ಮಾತಾಡಿಕೊಳ್ಳಲೆಂದು ರೂಪಿಸಿದ ಐ2ಸಿ ಎಂಬ ಎರಡೇ ತಂತಿಗಳ ಏರ್ಪಾಟು ಈ ಕಥೆಯ ಬೈಪಾಸು. ಸೆಕೆಂಡಿಗೆ ನಾಲ್ಕು ಲಕ್ಷ ಬಿಟ್ಟುಗಳ ಗತಿ ಅದಕ್ಕೆ ಮಾಮೂಲು. ಹಲವು ಬೆರಳುಗಳ ವಿವರವಿರುವ ಮೂವತ್ತು ಬೈಟುಗಳ ವರದಿಯೂ ಅಲ್ಲಿ ಒಂದು ಮಿಲಿಸೆಕೆಂಡಿನೊಳಗೆ ದಾಟಿಬಿಡುತ್ತದೆ. ಮೈಕ್ರೋಸಾಫ್ಟ್ ಕಂಪನಿ 2012ರಲ್ಲಿ ವಿಂಡೋಸ್ 8ರೊಂದಿಗೆ ಈ ರಸ್ತೆಯಲ್ಲಿ ಆಡಬೇಕಾದ ಸಾಮಾನ್ಯ ಭಾಷೆಯೊಂದನ್ನು ಗೊತ್ತುಪಡಿಸಿತು, ಮರುವರ್ಷ ವಿಂಡೋಸ್ 8.1ರಲ್ಲಿ ಪ್ರಿಸಿಷನ್ ಟಚ್‌ಪ್ಯಾಡ್ ಎಂಬ ಮಟ್ಟವನ್ನು ತಂದು ಬೆರಳಾಟದ ಅರ್ಥ ಹೇಳುವ ಕೆಲಸವನ್ನು ಫಲಕ ತಯಾರಕರ ಕೈಯಿಂದ ತಾನೇ ತೆಗೆದುಕೊಂಡಿತು. ಒಳ್ಳೆಯದೇ ಆಯಿತೆನ್ನಬೇಕು, ಅದಕ್ಕೂ ಮೊದಲು ಒಂದೊಂದು ಕಂಪನಿಯ ದುಭಾಷಿಯದ್ದೂ ಒಂದೊಂದು ವ್ಯಾಖ್ಯಾನವಾಗಿತ್ತು. ಲಿನಕ್ಸಿನಲ್ಲಿ ಇದೇ ಭಾಷೆ ಬಲ್ಲ ಡ್ರೈವರು 2013ರಲ್ಲಿ ಬಂತು.

ಈ ಬದಲಾವಣೆಯ ಸಂಧಿಕಾಲದಲ್ಲಿ ತಯಾರಾದ ಅನೇಕ ಲ್ಯಾಪ್‌ಟಾಪುಗಳಲ್ಲಿ ಫಲಕಕ್ಕೆ ಎರಡೂ ರಸ್ತೆಗಳ ಸಂಪರ್ಕವಿದೆ. ಬೈಪಾಸನ್ನು ಬಲ್ಲ ಡ್ರೈವರ್ ಇಲ್ಲದಿದ್ದರೆ ಫಲಕ ಸದ್ದಿಲ್ಲದೆ ಊರೊಳಗಿನ ಹಳೆಯ ರಸ್ತೆಯನ್ನೇ ಹಿಡಿಯುತ್ತದೆ. ಲಿನಕ್ಸ್ ಬಳಸುವವರಿಗೆ ಇದರ ಸಾಕ್ಷಿ ಬರಹದಲ್ಲೇ ಸಿಗುತ್ತದೆ: ನಿಮ್ಮ ಟಚ್‌ಪ್ಯಾಡು ತನಗೆ ಬೇರೊಂದು ಬಸ್ಸೂ ಬರುತ್ತದೆ ಎನ್ನುತ್ತಿದೆ, ಬೇಕಿದ್ದರೆ ಇಂಟರ್‌ಟಚ್ ಎಂಬ ಆಯ್ಕೆಯನ್ನು ಒಂದಕ್ಕೆ ಇಟ್ಟು ನೋಡಿ ಎಂಬ ಅರ್ಥದ ಸೂಚನೆ ಯಂತ್ರ ಚಾಲೂ ಆಗುವಾಗಿನ ದಿನಚರಿಯಲ್ಲಿ ಕಾಣುತ್ತದೆ. ಸಿನಾಪ್ಟಿಕ್ಸ್ ಫಲಕಗಳ ಆ ಇಂಟರ್‌ಟಚ್ ರಸ್ತೆಯು ಐ2ಸಿಯ ಹತ್ತಿರದ ನೆಂಟನಾದ ಎಸ್‌ಎಮ್‌ಬಸ್. ಇಷ್ಟು ತಿಳಿದೂ ಯಂತ್ರ ತಾನೇ ಅದನ್ನು ತೆರೆಯದಿರುವುದಕ್ಕೆ ಎಚ್ಚರಿಕೆ ಕಾರಣ: ಎಲ್ಲ ಮಾದರಿಗಳಲ್ಲೂ ಆ ರಸ್ತೆ ನೆಟ್ಟಗಿದೆಯೆಂಬ ಭರವಸೆ ಇಲ್ಲದ್ದರಿಂದ, ಪರೀಕ್ಷೆಯಾದ ಮಾದರಿಗಳ ಪಟ್ಟಿಯೊಂದನ್ನು ಇಟ್ಟುಕೊಂಡು ಅವುಗಳಿಗೆ ಮಾತ್ರ ಗೇಟು ತೆರೆಯಲಾಗುತ್ತದೆ.

ಕರೆಗಂಟೆ ಮತ್ತು ಜರಡಿ

ಐ2ಸಿ ರಸ್ತೆಗೆ ಒಂದು ವಿಚಿತ್ರ ಕಟ್ಟಳೆಯಿದೆ: ಅಲ್ಲಿ ಫಲಕ ತಾನಾಗಿ ಬಾಯಿ ಬಿಡುವಂತಿಲ್ಲ, ಯಂತ್ರ ಕೇಳಿದಾಗ ಮಾತ್ರ ಉತ್ತರ ಹೇಳಬೇಕು. ಬೆರಳು ಬಂದಿದೆ, ಕೇಳಿರಿ ಎಂದು ತಿಳಿಸುವುದಕ್ಕಾಗಿ ಫಲಕಕ್ಕೆ ಬೇರೆಯೇ ಒಂದು ತಂತಿಯನ್ನು ಕೊಟ್ಟಿರುತ್ತಾರೆ. ಅದನ್ನು ಕರೆಗಂಟೆ ಎನ್ನಬಹುದು, ತಂತ್ರಜ್ಞರು ಇಂಟರಪ್ಟ್ ಎನ್ನುತ್ತಾರೆ. ಗಂಟೆ ಕೇಳಿದ ಕೂಡಲೇ ಯಂತ್ರ ಕೈಲಿದ್ದ ಕೆಲಸವನ್ನು ಅರೆಗಳಿಗೆ ಬದಿಗಿಟ್ಟು ಫಲಕದ ವರದಿಯನ್ನು ಓದಿಕೊಳ್ಳುತ್ತದೆ. ಇಲ್ಲಿಂದ ಮುಂದೆ ಎಲ್ಲವೂ ಗಂಟೆಯನ್ನೇ ಅವಲಂಬಿಸಿದೆ: ರಸ್ತೆ ಎಷ್ಟೇ ಅಗಲವಾಗಿದ್ದರೂ ಗಂಟೆ ಕೇಳಿಸದಿದ್ದರೆ ಆ ರಸ್ತೆಯಲ್ಲಿ ವಾಹನವೇ ಹೊರಡುವುದಿಲ್ಲ.

ಇದು ಬರೀ ಊಹೆಯ ಮಾತಲ್ಲ ಎಂಬುದಕ್ಕೆ 2020ರಲ್ಲಿ ಒಂದು ಒಳ್ಳೆಯ ನಿದರ್ಶನ ಸಿಕ್ಕಿತು. ಎಎಮ್‌ಡಿ ಪ್ರೊಸೆಸರ್ ಇದ್ದ ಲೆನೊವೊ ಲೀಜನ್-5 ಮಾದರಿಯ ಹೊಸ ಲ್ಯಾಪ್‌ಟಾಪುಗಳಿಗೆ ಲಿನಕ್ಸ್ ಹಾಕಿಕೊಂಡವರಿಗೆ ಟಚ್‌ಪ್ಯಾಡು ಕೈಕೊಟ್ಟಿತು. ಹುಡುಕುತ್ತ ಹೋದವರು ಗಂಟೆಯನ್ನು ನೆಚ್ಚದೆ, ಯಂತ್ರವೇ ಮತ್ತೆ ಮತ್ತೆ ಹೋಗಿ ಏನಾದರೂ ಇದೆಯೇ ಎಂದು ಕೇಳುವಂತೆ ಡ್ರೈವರನ್ನು ತಿದ್ದಿ ನೋಡಿದಾಗ ಅದೇ ಫಲಕ ಚೆನ್ನಾಗಿ ಓಡಿತು. ಫಲಕ, ತಂತಿ, ಭಾಷೆ ಮೂರೂ ಸರಿಯಿವೆ, ದೋಷವಿರುವುದು ಗಂಟೆಯ ದಾರಿಯಲ್ಲಿ ಎಂಬುದು ಈ ಒಂದು ಪರೀಕ್ಷೆಯಿಂದ ಬಯಲಾಯಿತು: ಫಲಕ ಬಿಡದೆ ಬಾರಿಸುತ್ತಿದ್ದರೂ ಯಂತ್ರಕ್ಕೆ ಕೇಳಿಸುತ್ತಿದ್ದದ್ದು ಸೆಕೆಂಡಿಗೆ ಬೆರಳೆಣಿಕೆಯಷ್ಟು ಸಲ ಮಾತ್ರ. ಕೇಳುತ್ತಲೇ ಇರುವ ಈ ಬಗೆಗೆ ಪೋಲಿಂಗ್ ಎಂದು ಹೆಸರು. ಅಂಗಡಿ ಬಾಗಿಲಿಗೆ ಗಂಟೆ ಇಲ್ಲದಾಗ ಮಾಲೀಕ ನಿಮಿಷಕ್ಕೊಮ್ಮೆ ಎದ್ದು ಬಂದು ನೋಡಿದಂತೆ ಇದು ಬ್ಯಾಟರಿಯನ್ನು ಸುಮ್ಮನೆ ತಿನ್ನುವುದರಿಂದ ಔಷಧವಾಗಿ ಅಲ್ಲದೆ ರೋಗಪರೀಕ್ಷೆಯಾಗಿ ಮಾತ್ರ ಒಳ್ಳೆಯದು.

ಗಂಟೆಯ ಸದ್ದನ್ನು ನುಂಗುತ್ತಿದ್ದದ್ದು ಒಂದು ಜರಡಿ. ಯಾವುದೇ ಗುಂಡಿಯನ್ನು ಒತ್ತಿದಾಗ ಅದರೊಳಗಿನ ಲೋಹದ ಎಲೆಗಳು ಒಂದೇ ಸಲಕ್ಕೆ ಕೂಡಿಕೊಳ್ಳದೆ ಕೆಲವು ಮಿಲಿಸೆಕೆಂಡುಗಳ ಕಾಲ ಅದುರುತ್ತವೆ. ಒಂದು ಒತ್ತು ಹತ್ತು ಒತ್ತುಗಳಂತೆ ಕಾಣಬಾರದೆಂದು ಅತಿ ಚಿಕ್ಕ ಮಿಡಿತಗಳನ್ನು ಸೋಸಿ ಹಾಕುವ ಏರ್ಪಾಟು, ಇಂಥ ತಂತಿಗಳು ಬಂದು ಸೇರುವ ಪಿನ್ನುಗಳಿರುವ ಚಿಪ್ಪಿನ ಒಳಗೇ ಇರುತ್ತದೆ. ಡಿಬೌನ್ಸ್ ಫಿಲ್ಟರ್ ಎಂದು ಕರೆಯುವ ಇದನ್ನು ಇಲ್ಲಿ ಅದುರು-ಜರಡಿ ಎನ್ನೋಣ. ಸೆಕೆಂಡಿಗೆ 32,768 ಬಾರಿ ಮಿಡಿಯುವ ಗಡಿಯಾರದ 512 ಮಿಡಿತಗಳನ್ನು, ಅಂದರೆ 15.625 ಮಿಲಿಸೆಕೆಂಡನ್ನು, ಅದರ ಒಂದು ಅಳತೆಗೋಲಾಗಿ ಆ ಚಿಪ್ಪು ಬಳಸುತ್ತದೆ. ಮನುಷ್ಯರು ಒತ್ತುವ ಗುಂಡಿಗೆ ಇದು ಹೇಳಿ ಮಾಡಿಸಿದ್ದು. ಟಚ್‌ಪ್ಯಾಡಿನ ಗಂಟೆಯಲ್ಲಾದರೋ ಅದುರುವ ಲೋಹವೇ ಇಲ್ಲ, ಅದು ಬಾರಿಸುವುದು ಚುಟುಕಾಗಿ ಮತ್ತು ಬಿಡುವಿಲ್ಲದೆ. ರವೆಗೆಂದು ಇಟ್ಟ ಜರಡಿಗೆ ಅಕ್ಕಿ ಸುರಿದಂತೆ ಅದರ ಸದ್ದೆಲ್ಲ ಮೇಲೆಯೇ ಉಳಿಯುತ್ತಿತ್ತು.

ಹಾಗಾದರೆ ಜರಡಿಯನ್ನು ತೆಗೆದರಾಯಿತಲ್ಲ ಎಂದರೆ, ಅದನ್ನು ತೆಗೆಯುವ ಸಾಲು ಡ್ರೈವರಿನಲ್ಲಿ ಇದ್ದೇ ಇತ್ತು. ಒಂದೊಂದು ಪಿನ್ನಿಗೂ 32 ಮನೆಗಳ ಒಂದು ಸಾಲು ಚಿಪ್ಪಿನೊಳಗಿದ್ದು, ಪ್ರತಿ ಮನೆಯಲ್ಲಿ ಸೊನ್ನೆ ಅಥವಾ ಒಂದು ಎಂದು ಬರೆದಿಡಲಾಗುತ್ತದೆ. ಸೊನ್ನೆಯಿಂದ ಎಣಿಸಿದರೆ 5 ಮತ್ತು 6ನೆಯ ಮನೆಗಳಲ್ಲಿ ಜರಡಿಯ ಕೀಲಿ ಇದೆ, ಎರಡನ್ನೂ ಸೊನ್ನೆ ಮಾಡಿದರೆ ಜರಡಿ ಬಿದ್ದುಹೋಗುತ್ತದೆ. ಬರೆದವರು ಎರಡು ಮನೆಗಳನ್ನು ಅಳಿಸಬೇಕೆಂದು ಸರಿಯಾಗಿಯೇ ಹೇಳಿ, ಐದು ಮನೆ ದಾಟಿ ಹೋಗಬೇಕೆಂದು ಹೇಳಲು ಮರೆತಿದ್ದರು. ಡ್ರೈವರು ಬೀದಿಯ ತುದಿಯಲ್ಲೇ ಸಿಕ್ಕ 0 ಮತ್ತು 1ನೆಯ ಮನೆಗಳನ್ನು ಅಳಿಸಿ ಕೆಲಸ ಮುಗಿಯಿತೆಂದು ವರದಿ ಒಪ್ಪಿಸುತ್ತಿತ್ತು, ಜರಡಿ ಇದ್ದಲ್ಲೇ ಇತ್ತು. ದೋಷ ಫಲಕದ ಡ್ರೈವರಿನಲ್ಲೂ ಇರಲಿಲ್ಲ, ಪಿನ್ನುಗಳನ್ನು ನೋಡಿಕೊಳ್ಳುವ ಬೇರೊಂದು ಡ್ರೈವರಿನಲ್ಲಿತ್ತು ಎಂಬುದು ಗಮನಿಸಬೇಕಾದ ಸಂಗತಿ. 2020ರ ಡಿಸೆಂಬರಿನಲ್ಲಿ ಹೊರಬಂದ ಲಿನಕ್ಸ್ 5.10ರ ಹೊತ್ತಿಗೆ ಆ ತಪ್ಪನ್ನು ತಿದ್ದಲಾಗಿತ್ತು.

ಕೈಹಾಕುವ ಮುನ್ನ

ವಿಂಡೋಸಿನಲ್ಲಿ ಟಚ್‌ಪ್ಯಾಡಿನ ಡ್ರೈವರನ್ನು ಎಷ್ಟು ಸಲ ತೆಗೆದು ಹಾಕಿದರೂ ಗುಣ ಕಾಣದವರಿಗೆ ಈ ನಿದರ್ಶನ ಒಂದು ದಾರಿ ತೋರಿಸುತ್ತದೆ. ಫಲಕದ ಭಾಷೆ ಒಬ್ಬರದು, ರಸ್ತೆ ಇನ್ನೊಬ್ಬರದು, ಗಂಟೆ ಮತ್ತೊಬ್ಬರದು. ಇಂಟೆಲ್ ಯಂತ್ರಗಳಲ್ಲಿ ರಸ್ತೆಯನ್ನು ನೋಡಿಕೊಳ್ಳುವುದು ಸೀರಿಯಲ್ ಐಓ ಎಂಬ ಡ್ರೈವರು, ಗಂಟೆಯ ಪಿನ್ನನ್ನು ನೋಡಿಕೊಳ್ಳುವುದು ಜಿಪಿಐಓ ಡ್ರೈವರು. ಲ್ಯಾಪ್‌ಟಾಪ್ ತಯಾರಕರ ತಾಣದಲ್ಲಿ ಇವು ಚಿಪ್‌ಸೆಟ್ ಎಂಬ ತಲೆಬರಹದಡಿ ಇರುವುದರಿಂದ ಟಚ್‌ಪ್ಯಾಡ್ ಎಂದು ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ. ಮೊದಲು ಇವೆರಡನ್ನೂ ಹಾಕಿ, ಆನಂತರ ಟಚ್‌ಪ್ಯಾಡಿನ ಡ್ರೈವರನ್ನು ಹಾಕುವುದು ಸರಿಯಾದ ಕ್ರಮ.

ಫಲಕ ಈಗ ಯಾವ ವೇಷದಲ್ಲಿದೆ ಎಂದು ತಿಳಿಯಲು ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆರೆದು ನೋಡಿದರೆ ಸಾಕು. ಮೌಸುಗಳ ಪಟ್ಟಿಯಲ್ಲಿ ಪಿಎಸ್/2 ಕಂಪ್ಯಾಟಿಬಲ್ ಮೌಸ್ ಎಂಬ ಸಾಲೊಂದೇ ಇದ್ದು ಬೇರೆಲ್ಲೂ ಟಚ್‌ಪ್ಯಾಡಿನ ಸುಳಿವಿಲ್ಲದಿದ್ದರೆ ವೇಷ ಕಳಚಿಲ್ಲ ಎಂದರ್ಥ. ಹ್ಯೂಮನ್ ಇಂಟರ್‌ಫೇಸ್ ಡಿವೈಸಸ್ ಎಂಬ ತಲೆಬರಹದಡಿ ಐ2ಸಿ ಎಂಬ ಸಾಲು ಕಂಡರೆ ಬೈಪಾಸು ತೆರೆದಿದೆ. ಕೆಲವು ಏಸರ್ ಲ್ಯಾಪ್‌ಟಾಪುಗಳ ಬಯಾಸಿನಲ್ಲಿ ಟಚ್‌ಪ್ಯಾಡಿಗೆ ಬೇಸಿಕ್, ಅಡ್ವಾನ್ಸ್‌ಡ್ ಎಂಬ ಎರಡು ಆಯ್ಕೆಗಳಿದ್ದು ಅವು ಈ ಎರಡು ರಸ್ತೆಗಳೇ ಆಗಿವೆ. ಬೇರೆ ಮಾದರಿಯ ಪ್ರಿಸಿಷನ್ ಡ್ರೈವರನ್ನು ತಂದು ಹಳೆಯ ಯಂತ್ರದ ಮೇಲೆ ಬಲವಂತವಾಗಿ ಹೇರಿ ಗೆದ್ದವರೂ ಇದ್ದಾರೆ, ಫಲಕ ಮೂಕವಾಗಿ ಕೂತವರೂ ಇದ್ದಾರೆ. ಹಳೆಯದಕ್ಕೆ ಮರಳುವ ದಾರಿ ಗೊತ್ತಿಲ್ಲದವರು ಆ ಸಾಹಸಕ್ಕೆ ಹೋಗಬಾರದು. ನಿಮ್ಮ ಎಲ್ಲ ಡ್ರೈವರುಗಳನ್ನೂ ಒಂದೇ ಒತ್ತಿಗೆ ನವೀಕರಿಸುತ್ತೇವೆ ಎಂದು ಜಾಹೀರಾತಿನಲ್ಲಿ ಕೂಗುವ ತಂತ್ರಾಂಶಗಳನ್ನಂತೂ ಯಂತ್ರದ ಹತ್ತಿರಕ್ಕೂ ಬಿಟ್ಟುಕೊಳ್ಳಬಾರದು.

ಹೊಸ ಡ್ರೈವರು ಹಿಡಿಸದಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿರುವ ರೋಲ್ ಬ್ಯಾಕ್ ಡ್ರೈವರ್ ಎಂಬ ಗುಂಡಿ ಹಳೆಯದನ್ನು ಮರಳಿ ಕೂರಿಸುತ್ತದೆ. ಆದರೆ ಆ ಗುಂಡಿಯವರೆಗೆ ಹೋಗಲು ಬಾಣ ಬೇಕು, ಬಾಣ ಅಲುಗಾಡಲು ಡ್ರೈವರು ಬೇಕು. ಆದ್ದರಿಂದ ಈ ಕೆಲಸಕ್ಕೆ ಕುಳಿತುಕೊಳ್ಳುವವರು ಮೊದಲು ಪಕ್ಕದ ಮನೆಯಿಂದಾದರೂ ಸರಿ, ಒಂದು ಯುಎಸ್‌ಬಿ ಮೌಸನ್ನು ತಂದು ಸಿಕ್ಕಿಸಿಟ್ಟುಕೊಳ್ಳಬೇಕು.